ನೂರು ವ್ಯಾಟಿನ ಗಂಡಸರು

ಶನಿವಾರ ಬೆಳಿಗ್ಗೆ ನೀರುದೋಸೆಗೆ ಅಕ್ಕಿ ರುಬ್ಬುವಾಗ ನಾನು ಮಿಕ್ಸಿಯ ಕೆಳಗೆ ದಪ್ಪ ಟವೆಲೊಂದನ್ನು ಮಡಿಸಿ ಹಾಸುತ್ತೇನೆ. ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒಬ್ಬರೇ ಇರುವ ಹೆಂಗಸಿಗೆ ವಾರವೆಲ್ಲ ಬೇಕರಿಯಲ್ಲಿ ನಸುಕಿನ ಪಾಳಿ. ತಡವಾಗಿ ಏಳುವುದು ಶನಿವಾರ ಮಾತ್ರ. ಆ ದಿನವೂ ಟವೆಲ್ ಹಾಸಿ ರುಬ್ಬಿ, ಕಾವಲಿಗೆ ಮೊದಲ ದೋಸೆ ಹೊಯ್ಯುತ್ತಿದ್ದೆ. ನನ್ನ ಗಂಡ ಕಾಫಿ ಹಿಡಿದುಕೊಂಡು ಒಳಗೆ ಬಂದರು.

"ಇವತ್ತು ಆಂಪ್ಲಿಫೈಯರ್ ತಂದೇ ಬಿಡುವ ಮಾರಾಯ್ತಿ. ಡಾಕ್ಟ್ರೂ ಬರ್ತಾರಂತೆ."

ಡಾಕ್ಟ್ರು ನಮ್ಮ ಕನ್ನಡ ಬಳಗದವರು, ಧಾರವಾಡದ ಕಡೆಯವರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವುದು ಅವರ ವೃತ್ತಿ. ಬಳಗದ ಸಭೆಗಳಲ್ಲಿ ಅದೇ ಕೆಲಸವನ್ನು ಔಷಧವಿಲ್ಲದೆ ಮಾಡಬಲ್ಲರು. ಅವರೂ ನನ್ನ ಗಂಡನೂ ಸೇರಿ ಬಳಗದ 'ಸೌಂಡ್ ಕಮಿಟಿ'. ಇಬ್ಬರಿಗೂ ಗಿಟಾರಿನಲ್ಲಿ ಎಷ್ಟು ತಂತಿ ಎಂದು ಎಣಿಸಿ ನೋಡಿಯೇ ತಿಳಿಯಬೇಕು.

ಗಿಟಾರ್ ನನ್ನದು. ಮಂಗಳೂರಿನ ಕಾನ್ವೆಂಟಿನಲ್ಲಿ, ಪ್ರಾರ್ಥನೆಯ ಹಾಡುಗಳಿಗೆ ಬೇಕೆಂದು, ಒಬ್ಬ ಸಿಸ್ಟರ್ ಕಲಿಸಿದ್ದು. ಕೊನೆಯ ಸಾಲಿನ ಹುಡುಗಿಯ ದನಿ ತಮ್ಮ ಕಿವಿಗೆ ಬೀಳದಿದ್ದರೆ ಅವರು ನನ್ನ ಕಡೆ ತಿರುಗಿ ಹುಬ್ಬು ಏರಿಸುತ್ತಿದ್ದರು. ಅಷ್ಟೇ. ನಾನು ಕೈ ತಗ್ಗಿಸುತ್ತಿದ್ದೆ.

ಕಳೆದ ದೀಪಾವಳಿಗೆ ಹಾಗೆ ಹುಬ್ಬು ಏರಿಸುವವರು ಯಾರೂ ಇರಲಿಲ್ಲ. ಮಂಡ್ಯದ ಕಡೆಯ ನಿವೃತ್ತ ನರ್ಸ್ ಒಬ್ಬರು, ನಾವೆಲ್ಲ ಅಕ್ಕ ಎನ್ನುವವರು, ಹಾಡುತ್ತಿದ್ದರು. ನಾನು ಜೊತೆಗೆ ಗಿಟಾರ್ ನುಡಿಸುತ್ತಿದ್ದೆ. ಕಮಿಟಿ ಎಲ್ಲಿಂದಲೋ ಬಾಡಿಗೆಗೆ ತಂದ ಆಂಪ್ಲಿಫೈಯರ್ ಪೆಟ್ಟಿಗೆ ನನ್ನ ಎದೆಯೆತ್ತರ ಇತ್ತು. ಮೊದಲ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಅಕ್ಕನ ತುಟಿ ಆಡುತ್ತಿತ್ತು, ಹಾಡು ಮಾತ್ರ ಯಾರಿಗೂ ಕೇಳಲಿಲ್ಲ. ಆಕೆ ಹಾಗೆಯೇ ಕೊನೆಯವರೆಗೆ ಹಾಡಿ, ಕೈಮುಗಿದು ಇಳಿದರು. "ನನ್ ಗಂಟ್ಲು ಹೋಯ್ತು ಕಣಮ್ಮ, ವಯಸ್ಸಾಯ್ತಲ್ಲ" ಎಂದರು. ಗಂಟಲು ಎಲ್ಲಿಗೂ ಹೋಗಿರಲಿಲ್ಲ. ಈ ವರ್ಷ ನಾನು ತುಂಬ ಕೇಳಿಕೊಂಡ ಮೇಲೆ ಒಪ್ಪಿದ್ದರು. "ಇದೊಂದ್ಸಲ. ಈ ಸಲನೂ ಕೇಳಿಸ್ಲಿಲ್ಲ ಅಂದ್ರೆ ಇನ್ ಮೇಲೆ ನಂಗೆ ಹಾಡು ಅನ್ಬೇಡ." ಕಾರ್ಯಕ್ರಮ ಮುಂದಿನ ಶನಿವಾರ.

ವಾದ್ಯಗಳ ಅಂಗಡಿಯಲ್ಲಿ, ಬಾಗಿಲ ಹತ್ತಿರ ಮನೆಯ ಅಭ್ಯಾಸಕ್ಕೆ ಬೇಕಾದ ಪುಟ್ಟ ಪೆಟ್ಟಿಗೆಗಳು, ನಡುವೆ ಪಬ್ಬು ಮತ್ತು ಚಿಕ್ಕ ಸಭೆಗಳಿಗೆ ಆಗುವಂಥವು, ಹಿಂದಿನ ಗೋಡೆಗೆ ದೊಡ್ಡ ವೇದಿಕೆಯವು. ಗಂಡಸರಿಬ್ಬರೂ ಬಾಗಿಲಿನಿಂದ ನೆಟ್ಟಗೆ ಹಿಂದಿನ ಗೋಡೆಗೇ ನಡೆದರು. ಮಾರುವವನು ನನ್ನ ಗಂಡನನ್ನು ಕೇಳಿದ: "ಆಕೆ ಯಾವ ಥರದ ಸಂಗೀತ ನುಡಿಸ್ತಾರೆ?" ಆ 'ಆಕೆ' ಅವನ ಮೊಣಕೈಯ ಪಕ್ಕದಲ್ಲೇ ನಿಂತಿದ್ದಳು.

ಊರಿನಿಂದ ಮಿಕ್ಸಿ ತರುವಾಗ ನಮ್ಮವರೆಲ್ಲ ನೋಡುವುದು ಒಂದನ್ನೇ: ಎಷ್ಟು ವ್ಯಾಟ್? ಏಳುನೂರೈವತ್ತಕ್ಕಿಂತ ಕಡಿಮೆಯಾದರೆ ಉದ್ದಿನಬೇಳೆ ನುಣ್ಣಗಾಗುವುದಿಲ್ಲ. ಆ ಒಂದು ತಿಳಿವಳಿಕೆಯನ್ನೇ ಹೊತ್ತುಕೊಂಡು ಈ ಇಬ್ಬರು ಪದವೀಧರರು ಪೆಟ್ಟಿಗೆಗಳ ಬೆನ್ನು ತಿರುಗಿಸಿ ತಿರುಗಿಸಿ ವ್ಯಾಟ್ ಓದುತ್ತಿದ್ದರು. ಒಂದರ ದನಿಯನ್ನೂ ಕೇಳಲಿಲ್ಲ.

ನಾನು ನಡುವಿನ ಸಾಲಿನಲ್ಲಿ ಒಂದನ್ನು ಆರಿಸಿ, ಕೂತು ನುಡಿಸಿದೆ. ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳದ್ದು, ಹದಿನೈದು ವ್ಯಾಟ್. ಮನೆಯಲ್ಲಿ ನುಡಿಸುವಾಗ ಶಕ್ತಿಯನ್ನು ಒಂದು ವ್ಯಾಟಿಗೆ ಇಳಿಸಲು ಹಿಂದೆ ಒಂದು ಸ್ವಿಚ್ಚೂ ಇತ್ತು.

"ಹದಿನೈದು ಅಂದ್ರ ಬಲ್ಬ್ ಆತಲ್ರೀ ವೈನಿ!" ಎಂದರು ಡಾಕ್ಟ್ರು.

"ಶಕ್ತಿ ಕಮ್ಮಿ ಮಾಡ್ಲಿಕ್ಕೆ ಸ್ವಿಚ್ಚಾ?" ನನ್ನ ಗಂಡ ನಕ್ಕೇ ನಕ್ಕರು. "ದುಡ್ಡು ಕೊಟ್ಟು ಕಮ್ಮಿ ಮಾಡ್ಕೊಳ್ಳುದಾ?"

"ಹತ್ತು ವ್ಯಾಟಿಗಿಂತ ನೂರು ವ್ಯಾಟ್ ಕಿವಿಗೆ ಹತ್ತು ಪಟ್ಟು ದೊಡ್ಡದಾಗಿ ಕೇಳುದಿಲ್ಲ ಮಾರಾಯ್ರೆ. ಹೆಚ್ಚು ಕಮ್ಮಿ ಎರಡು ಪಟ್ಟು, ಅಷ್ಟೆ. ದೊಡ್ಡದನ್ನು ಚಿಕ್ಕ ಜಾಗದಲ್ಲಿ ಕಿವಿ ಹಿಂಡಿ ಕೂರಿಸಿದ್ರೆ ಅದಕ್ಕೆ ನಾದವೇ ಬರುದಿಲ್ಲ."

ಇಬ್ಬರೂ ತಲೆಯಾಡಿಸಿದರು. ಮಗು ಬರೆದ ಚಿತ್ರವನ್ನು ನೋಡಿ ದೊಡ್ಡವರು ಆಡಿಸುವ ರೀತಿಯ ತಲೆಯಾಟ ಅದು. ಕೊನೆಗೆ ಎರಡನ್ನೂ ಕೊಂಡರು: ನನ್ನದು 'ಮನೆಗೆ', ನೂರು ವ್ಯಾಟಿನದು 'ಸ್ಟೇಜಿಗೆ'. ನಮ್ಮ ಸ್ಟೇಜ್ ಎಂದರೆ ಚರ್ಚಿನ ಹಾಲ್. ಅಲ್ಲಿ ಪರದೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಸಮೋಸಾದ ಟ್ರೇ ಬಿಚ್ಚಿದರೆ ವೇದಿಕೆಗೆ ಕೇಳುತ್ತದೆ.

ಮಧ್ಯಾಹ್ನ ನೂರು ವ್ಯಾಟಿನದನ್ನು ಮುಂದಿನ ಕೋಣೆಯಲ್ಲಿ ಪ್ರತಿಷ್ಠಾಪಿಸಿದರು. ನನ್ನನ್ನು ಕೇಳದೆಯೇ ಗಿಟಾರ್ ಎತ್ತಿಕೊಂಡ ಡಾಕ್ಟ್ರು ಆರೂ ತಂತಿಗಳನ್ನು ಒಟ್ಟಿಗೆ ಬಡಿದರು. ದನಿಯ ಗುಂಡಿ ಸೊನ್ನೆಯಲ್ಲಿದ್ದಾಗ ಏನೂ ಇಲ್ಲ. ಒಂದಕ್ಕೆ ತಿರುಗಿಸಿದ್ದೇ ತಡ, ಶೋಕೇಸಿನ ಲೋಟಗಳು ಕುಣಿದವು.

"ಒಂದಕ್ಕ ಹಿಂಗ್ ಅಂದ್ರ ಹತ್ತಕ್ಕ ಹೆಂಗಿರಬ್ಯಾಡ!" ಅವರ ಮುಖ ನೋಡಬೇಕಿತ್ತು. ಹೊಸ ಕಾರಿನ ಹಾರ್ನ್ ಒತ್ತಲು ಸಿಕ್ಕ ಮಕ್ಕಳೂ ಸ್ವಲ್ಪ ಹೊತ್ತಿಗೆ ಸುಸ್ತಾಗುತ್ತಾರೆ, ಇವರು ಆಗಲಿಲ್ಲ.

"ಇದು ಸ್ಟೇಜ್ ಹತ್ತಿದ್ರೆ ಅಕ್ಕ ಹತ್ತುದಿಲ್ಲ, ನಾನೂ ಹತ್ತುದಿಲ್ಲ" ಎಂದೆ. ಕಾನ್ವೆಂಟಿನ ಮೆತ್ತನೆಯ ದನಿಯಲ್ಲೇ ಹೇಳಿದೆ. ಬಹುಶಃ ಅದಕ್ಕೇ ಅವರಿಗೆ ತಾಗಲಿಲ್ಲ.

"ಹಠ ಮಾಡ್ಬೇಡ ಮಾರಾಯ್ತಿ. ನಿನ್ನ ಚಿಕ್ಕದು ಹಿಂದಿನ ಸಾಲಿನವರಿಗೆ ಕೇಳ್ಲಿಕ್ಕುಂಟಾ?"

"ಹಿಂದಿನ ಸಾಲಿನವರು ಬರುದು ಅಕ್ಕನ ಹಾಡು ಕೇಳ್ಲಿಕ್ಕೆ."

"ನೋಡೂಣಂತ ತಗೋರಿ ವೈನಿ" ಎಂದು ಡಾಕ್ಟ್ರು ಎದ್ದು ಹೋದರು. ಅವರು ರೋಗಿಗಳಿಗೂ ಹೀಗೆಯೇ ಹೇಳುತ್ತಿರಬಹುದು, ಕಣ್ಣು ಮುಚ್ಚುವ ಮುನ್ನ.

ಸಂಜೆಗೆ ಅಕ್ಕ ಬಸ್ಸಿನಲ್ಲಿ ಬಂದರು. ದೊಡ್ಡ ಪೆಟ್ಟಿಗೆಯನ್ನು ನೋಡಿ ಕೋಟನ್ನು ಬಿಚ್ಚದೆ ಬಾಗಿಲಲ್ಲೇ ನಿಂತರು. "ಅದೇ ಬರ್ತದಾ?" ಎಂದರು. ನಾನು ನನ್ನ ಚಿಕ್ಕದರ ವೈರ್ ಸಿಕ್ಕಿಸಿದೆ. ಶಕ್ತಿ ಇಳಿಸುವ ಸ್ವಿಚ್ಚನ್ನು ಮುಟ್ಟಲಿಲ್ಲ. ಹಾಲ್‌ನಲ್ಲಿ ಹೇಗೆ ನುಡಿಸಬೇಕೋ ಹಾಗೆಯೇ ಇಟ್ಟು ನುಡಿಸಿದೆ. ಮೊದಲ ಚರಣದಲ್ಲಿ ಅಕ್ಕ ಕಿವಿಗೆ ಕೈ ಕೊಟ್ಟುಕೊಂಡು ಹಾಡಿದರು. ಎರಡನೆಯದಕ್ಕೆ ಕೈ ಇಳಿಯಿತು. ಮೂರನೆಯದಕ್ಕೆ ಕೋಟು ಬಿಚ್ಚಿದರು. ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತಿದ್ದ ನನ್ನ ಗಂಡ, ಅಕ್ಕನನ್ನು ಬಸ್‌ಸ್ಟಾಪಿಗೆ ಬಿಟ್ಟು ಬಂದ ಮೇಲೂ, "ಮನೆಯಲ್ಲಿ ಸರಿ. ಹಾಲ್‌ಗೆ ದೊಡ್ಡದೇ" ಎಂದರು.

ರಾತ್ರಿ ಕಸದ ಬಿನ್ ಹೊರಗಿಡಲು ನಾವಿಬ್ಬರೂ ಹೋದಾಗ ಪಕ್ಕದ ಮನೆಯಾಕೆಯೂ ತಮ್ಮದನ್ನು ಎಳೆದು ತರುತ್ತಿದ್ದರು. ಈ ಊರಿನವರು ಪ್ರೀತಿಯಿಂದ ಎಲ್ಲರನ್ನೂ 'ಡಕ್' ಎನ್ನುತ್ತಾರೆ.

"ಮಧ್ಯಾಹ್ನ ರಸ್ತೆ ಅಗೀತಿದ್ದೋರು ಹೋದ್ರಾ, ಡಕ್?"

ನನ್ನ ಗಂಡ ಬಿನ್ನಿನ ಚಕ್ರವನ್ನು ಪರೀಕ್ಷಿಸತೊಡಗಿದರು. ಹೋದರು ಎಂದೆ.

"ಸದ್ಯ. ಆಮೇಲೆ ಯಾರೋ ನಿಮ್ಮಲ್ಲಿ ಹಾಡ್ತಿದ್ರು. ಟೀವಿ ಆಫ್ ಮಾಡಿ ಕೂತ್ಕೊಂಡೆ."

"ಗಿಟಾರ್ ಜಾಸ್ತಿ ಆಯ್ತಾ?" ಎಂದು ಕೇಳಿದೆ.

"ಗಿಟಾರಾ?" ಆಕೆ ಆಗಲೇ ಬಾಗಿಲ ಕಡೆ ತಿರುಗಿದ್ದರು. "ಇತ್ತೇನೋ, ಡಕ್. ನಾನು ಆ ಹೆಂಗಸು ಹಾಡೋದನ್ನ ಕೇಳ್ತಿದ್ದೆ."