ಹೊರೆಕಾಣಿಕೆಗೆ ಹೋಗದ ಗುಳ್ಳ

ಆರಂಭದಲ್ಲೇ ಒಂದು ಕ್ಷಮೆ. ನಮ್ಮ ಮನೆಯ ಮಾತು ತುಳು. ಅಲ್ಲಿ ನಡೆದದ್ದನ್ನು ಕನ್ನಡದಲ್ಲಿ ಬರೆಯುವಾಗ ಅಮ್ಮನ ಮಾತಿನ ಖಾರ ಕಡಿಮೆಯಾದರೆ, ನನ್ನ ವಾಕ್ಯ ಎಲ್ಲಿಯಾದರೂ ಎಡವಿದರೆ, ಓದುಗರು ಮನ್ನಿಸಬೇಕು. ಮನೆಯಲ್ಲಿ ಪದವಿ ಪಡೆದ ಮೊದಲಿಗಳು ನಾನು. ತಪ್ಪಿದರೆ ತಿದ್ದುವುದಕ್ಕೆ ಹಿಂದೆ ಯಾರೂ ಇಲ್ಲ. (ಈ ಅಂಕಣವನ್ನು ಕಳುಹಿಸುವ ಮೊದಲು ಪ್ರತಿ ವಾರವೂ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಮಣಿಪಾಲದ ಕಚೇರಿಯಲ್ಲಿ ನನ್ನ ಪಕ್ಕ ಕೂರುವವರು ಅದನ್ನು ಸಹಿಸಿಕೊಂಡಿದ್ದಾರೆ.)

ಈಗ ವಿಷಯ. ಮಟ್ಟುವಿನ ಒಂದು ಮನೆಯವರು ಊರ ದೇವಸ್ಥಾನಕ್ಕೆ ಗುಳ್ಳ ಕೊಡುವುದಿಲ್ಲ ಎಂದರೆ ನೀವು ನಂಬುವಿರಾ?

ಕಾಪುವಿನಿಂದ ಉಡುಪಿಗೆ ಬರುವಾಗ ಹೆದ್ದಾರಿ ಬಿಟ್ಟು ಕಡಲಿನ ಕಡೆಗೆ ತಿರುಗಿದರೆ ನಮ್ಮ ಊರು ಮಟ್ಟು. ಮಳೆಗಾಲದ ಭತ್ತ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಗುಳ್ಳ ಬೆಳೆಯುತ್ತೇವೆ; ಹಸಿರು ಬಣ್ಣದ, ಉರುಟು ಬದನೆ. ದೇವಸ್ಥಾನದಲ್ಲಿ ಅನ್ನಸಂತರ್ಪಣೆ ಇದ್ದಾಗ ಮನೆಮನೆಯಿಂದ ಅಕ್ಕಿ, ತೆಂಗಿನಕಾಯಿ, ತರಕಾರಿ ಕೂಡಿಸಿ, ಟೆಂಪೊದಲ್ಲಿ ತುಂಬಿ, ವಾದ್ಯದೊಂದಿಗೆ ಒಯ್ಯುತ್ತಾರೆ. ಅದೇ ಹೊರೆಕಾಣಿಕೆ. ನಮ್ಮ ಊರಿನ ಟೆಂಪೊ ಎಂದರೆ ಗುಳ್ಳದ ಟೆಂಪೊ. ಅದರಲ್ಲಿ ನಮ್ಮ ಮನೆಯ ಬುಟ್ಟಿ ಇಲ್ಲದ ವರ್ಷ ಅಜ್ಜಿಯ ಕಾಲದಲ್ಲೂ ಇರಲಿಲ್ಲ.

ಈ ಸಲ ಅಮ್ಮ ಮತ್ತು ಅಕ್ಕಪಕ್ಕದ ಕೆಲವು ಬೆಳೆಗಾರರು ಒಂದು ಗುಂಪು ಕಟ್ಟಿಕೊಂಡು ಉತ್ತಮ ಕೃಷಿ ಪದ್ಧತಿಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದರು. ಅದು ಸಿಕ್ಕಿದರೆ ಮಣಿಪಾಲದ ಹೋಟೆಲಿನವರು ನೇರವಾಗಿ ಕೊಳ್ಳುವ ಮಾತಾಗಿತ್ತು. ಬಾವಿಯ ನೀರಿನ ಪರೀಕ್ಷೆ ಆಯಿತು. ಕೊಯ್ಯುವವರು ಕೈ ತೊಳೆಯಲು ಗದ್ದೆಯ ಬದಿಯಲ್ಲಿ ನಳ್ಳಿ, ಸಾಬೂನು ಬಂತು. ಹುಳಕ್ಕೆ ಸಿಂಪಡಿಸುವ ಮದ್ದಿನ ಡಬ್ಬಿಗಳು ಬೀಗ ಹಾಕಿದ ಕಪಾಟಿಗೆ ಹೋದವು. ಎಲ್ಲಕ್ಕಿಂತ ಕಟ್ಟುನಿಟ್ಟಿನ ನಿಯಮ ಇನ್ನೊಂದು: ಮದ್ದು ಬಿಟ್ಟ ಮೇಲೆ ಡಬ್ಬಿಯಲ್ಲಿ ಹೇಳಿದಷ್ಟು ದಿನ ಕಾಯಿ ಕೊಯ್ಯಬಾರದು. ಅಮ್ಮ ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಬೇಲಿಗೆ ಕಟ್ಟುತ್ತಾರೆ. ಬಟ್ಟೆ ಇದ್ದಷ್ಟು ದಿನ ಕೊಯ್ಲಿಲ್ಲ. ಒಬ್ಬರು ತಪ್ಪಿದರೂ ಇಡೀ ಗುಂಪಿಗೆ ಪ್ರಮಾಣಪತ್ರ ಇಲ್ಲ.

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಉಂಟು, ಸಂಕ್ರಮಣ ಉಂಟು, ನೆಂಟರ ಮದುವೆಗಳಿಗೆ ಸುತ್ತು ಹಾಕಿದ್ದೂ ಉಂಟು. ಆದರೆ ಕಾಯಿಕೊರಕ ಹುಳ ಕಂಡಾಗ ಕ್ಯಾಲೆಂಡರ್ ನೋಡುವವರು ಯಾರು? ಅಪ್ಪ ಪಂಪು ಹೆಗಲಿಗೇರಿಸಿ ಮದ್ದು ಬಿಟ್ಟರು. ಅಮ್ಮ ಬಟ್ಟೆ ಕಟ್ಟಿದರು. ಮರುದಿನವೇ ದೇವಸ್ಥಾನದ ಸಮಿತಿಯ ಶೀನಣ್ಣ ಅಂಗಳಕ್ಕೆ ಬಂದರು.

“ನಾಡಿದ್ದು ಹೊರೆಕಾಣಿಕೆ ಅಕ್ಕ. ನಿಮ್ಮದು ಯಾವಾಗಿನ ಹಾಗೆ ಗುಳ್ಳ ಅಲ್ವಾ?”

“ಈ ಸಲ ಗುಳ್ಳ ಇಲ್ಲ ಶೀನಣ್ಣ. ಮದ್ದು ಬಿಟ್ಟಾಗಿದೆ.”

“ಎಂತ ಅಕ್ಕ ನೀವು! ಗದ್ದೆ ತುಂಬ ಕಾಯಿ ಉಂಟಲ್ಲ. ತೊಳೆದು ಕೊಟ್ಟರಾಯಿತು.”

“ತೊಳೆದರೆ ಹೋಗುವುದಾದರೆ ಹುಳ ಸಾಯುವುದು ಹೇಗೆ?”

“ಅದೆಲ್ಲ ಮಾರುವ ಕಾಯಿಗೆ. ದೇವರು ಎಂತ ಸರ್ಟಿಫಿಕೇಟ್ ಕೇಳುತ್ತಾನಾ?”

ಜಗಲಿಯಿಂದ ಅಪ್ಪನ ದನಿ: “ಒಂದು ಬುಟ್ಟಿ ಅಲ್ವಾ? ಊರಿನವರು ಎಂತ ಹೇಳಿಯಾರು?”

ಅಮ್ಮ ಪೊರಕೆ ಕೆಳಗಿಟ್ಟರು. “ಮಣಿಪಾಲದ ಹೋಟೆಲಿನವನಿಗೆ ಕೊಡಬಾರದ್ದನ್ನು ಊರಿನ ಮಕ್ಕಳಿಗೆ ಬಡಿಸುವುದಾ? ದೇವರಿಗೆ ನೈವೇದ್ಯ ಸರಿ ಶೀನಣ್ಣ. ಆಮೇಲೆ ಎಲೆ ಹಾಕಿ ಕೂತು ಉಣ್ಣುವುದು ನಾವೇ ಅಲ್ವಾ?”

ಅನಂತರ ನನ್ನ ಕಡೆಗೆ ತಿರುಗಿದರು. “ನೀನು ಓದಿದವಳು. ಇವರಿಗೆ ಸರಿಯಾಗಿ ಹೇಳು.”

ಓದಿದವಳು ಹೇಳಿದೆ. “ಕೊಯ್ಲುಪೂರ್ವ ನಿರೀಕ್ಷಣಾ ಅವಧಿಯಲ್ಲಿ ಕೀಟನಾಶಕದ ಶೇಷಾಂಶವು...” ವಾಕ್ಯಕ್ಕೆ ಕ್ರಿಯಾಪದ ಬರುವ ಮೊದಲೇ ಶೀನಣ್ಣ ಕೈ ಅಡ್ಡ ಹಿಡಿದರು.

“ಮಗಾ, ಭಾಷಣ ಸ್ಟೇಜಿನಲ್ಲಿ ಮಾಡುವ. ಬುಟ್ಟಿಗೆ ಎಂತ ಹಾಕುವುದು, ಅದು ಹೇಳು.”

ಹಿತ್ತಿಲು ನೆನಪಾಯಿತು. “ಸೌತೆಕಾಯಿ,” ಎಂದೆ.

ಹೊರೆಕಾಣಿಕೆಯ ದಿನ ಆ ಬುಟ್ಟಿಯನ್ನು ಟೆಂಪೊವರೆಗೆ ಹೊತ್ತವಳು ನಾನೇ. ಸಾಲು ಸಾಲು ಹಸಿರು ಗುಳ್ಳದ ನಡುವೆ ನಮ್ಮ ಹಳದಿ ಸಾಂಬಾರು ಸೌತೆಕಾಯಿ! ಮದುವೆಮನೆಗೆ ಆಫೀಸಿನ ಐಡಿ ಕಾರ್ಡ್ ಹಾಕಿಕೊಂಡು ಹೋದಂತಿತ್ತು. “ಮಟ್ಟುವಿನ ಸೌತೆ ಯಾವಾಗ ಫೇಮಸ್ ಆದದ್ದು ಮಾರಾಯ್ತಿ?” ಎಂದು ಒಬ್ಬರು ಕೇಳಿದರು. ಉಳಿದವರು ಕೇಳದೆ ನಕ್ಕರು. ಅಂದಿನಿಂದ ಊರಿನಲ್ಲಿ ನಮ್ಮದು ಸೌತೆಕಾಯಿ ಮನೆ. ಅಪ್ಪ ಅಂಗಡಿಗೆ ಹೋಗುವ ದಾರಿಯನ್ನೇ ಬದಲಿಸಿದರು. ಅಮ್ಮ ಮಾತ್ರ ಸಂತರ್ಪಣೆಯಲ್ಲಿ ಸಾಂಬಾರನ್ನು ಕೇಳಿ ಕೇಳಿ ಹಾಕಿಸಿಕೊಂಡರು.

ಬೇಲಿಯ ಬಟ್ಟೆ ಬಿಚ್ಚುವ ಹೊತ್ತಿಗೆ ಎಷ್ಟೋ ಕಾಯಿ ಗಿಡದಲ್ಲೇ ಬಲಿತು ಹಳದಿಯಾಗಿತ್ತು. ಅವೆಲ್ಲ ಗೊಬ್ಬರದ ಗುಂಡಿಗೆ ಹೋದವು.

ಸ್ವಲ್ಪ ಸಮಯದ ನಂತರ ತಪಾಸಣೆ. ಬಂದವರು ಕಾರ್ಕಳದ ಕಡೆಯ ಯುವತಿ. ನಳ್ಳಿ ತಿರುಗಿಸಿ ನೋಡಿದರು, ಕಪಾಟಿನ ಬೀಗ ಎಳೆದು ನೋಡಿದರು, ಕ್ರೇಟುಗಳ ಅಡಿಗೆ ಬೆರಳು ಹಾಕಿ ನೋಡಿದರು. ಕೊನೆಗೆ ನಾವು ಬರೆದಿಟ್ಟ ದಾಖಲೆಯನ್ನು ಓದಿ, ಗದ್ದೆಯಲ್ಲಿ ನಿಂತಿದ್ದ ಗುಂಪಿನವರನ್ನೆಲ್ಲ ನೋಡಿ ಹೇಳಿದರು: “ಬರವಣಿಗೆ ಅಚ್ಚುಕಟ್ಟಾಗಿದೆ. ಎಲ್ಲ ಕಡೆಯೂ ಅಚ್ಚುಕಟ್ಟಾಗಿಯೇ ಇರುತ್ತದೆ. ಆ ದಿನಗಳಲ್ಲಿ ನಿಜವಾಗಿ ಕೊಯ್ಯಲಿಲ್ಲ ಎಂದು ನಾನು ಹೇಗೆ ನಂಬಲಿ ಅಮ್ಮಾ?”

ಮಾಡಿದ್ದಕ್ಕೆ ಗುರುತು ಇರುತ್ತದೆ. ಮಾಡದೆ ಬಿಟ್ಟದ್ದಕ್ಕೆ ಎಲ್ಲಿಂದ ಗುರುತು ತರುವುದು? ಗುಂಪಿನವರ ಕಣ್ಣೆಲ್ಲ ಅಮ್ಮನ ಮೇಲೆ.

ಅಷ್ಟರಲ್ಲಿ ರಸ್ತೆಯಲ್ಲಿ ಸ್ಕೂಟರ್ ನಿಂತಿತು. ಶೀನಣ್ಣ! ಗದ್ದೆಯಲ್ಲಿ ಯಾರಿದ್ದಾರೆಂದು ನೋಡದೆ ಅಲ್ಲಿಂದಲೇ ಕೂಗಿದರು: “ಸೌತೆಕಾಯಿ ಅಕ್ಕಾ, ಇವತ್ತಾದರೂ ನಿಮ್ಮ ಗುಳ್ಳ ಮುಟ್ಟಬಹುದಾ?”

ತಪಾಸಣೆಯವರು ತಲೆ ಎತ್ತಿದರು. “ಸೌತೆಕಾಯಿ ಅಕ್ಕ ಎಂದರೆ?”

ಕೇಳುವವರು ಸಿಕ್ಕಿದರೆ ಶೀನಣ್ಣ ಬಿಡುವವರೇ? ಸ್ಕೂಟರ್ ಮೇಲೆ ಕುಳಿತೇ, ಅಮ್ಮನ ದನಿ ಒಮ್ಮೆ, ಅಪ್ಪನ ದನಿ ಒಮ್ಮೆ ಮಾಡಿ ಇಡೀ ಕಥೆಯನ್ನು ಹೇಳಿದರು. (ನನ್ನ ಶೇಷಾಂಶವನ್ನೂ ಬಿಡಲಿಲ್ಲ.) “ಗದ್ದೆ ತುಂಬ ಗುಳ್ಳ ಇಟ್ಟುಕೊಂಡು ದೇವರಿಗೆ ಸೌತೆಕಾಯಿ ಕೊಟ್ಟ ಮನೆ ಮೇಡಂ ಇದು! ಹೆದ್ದಾರಿಯವರೆಗೆ ಯಾರನ್ನು ಬೇಕಾದರೂ ಕೇಳಿ.”

ಆ ಯುವತಿ ನಗುತ್ತಲೇ ಪೆನ್ನು ತೆಗೆದರು. “ನಿಮ್ಮ ಹೆಸರು ಬರೆದುಕೊಳ್ಳಬಹುದೇ?”

ಶೀನಣ್ಣ ಅಂಗಿಯ ಕಾಲರ್ ಸರಿಮಾಡಿಕೊಂಡರು. “ಇನಿಶಿಯಲ್ ಸೇರಿಸಿ ಬರೆಯಿರಿ.”

ಆಹಾರ ಸುರಕ್ಷತೆ ಎಂದರೆ ಪರದೇಶಕ್ಕೆ ಹೋಗುವ ಪೆಟ್ಟಿಗೆಗೆ, ದೊಡ್ಡ ಅಂಗಡಿಯ ಗಾಜಿನ ಕಪಾಟಿಗೆ ಎಂದು ನಾವು ತಿಳಿದಿದ್ದೇವೆ. ಮಾರಲು ಒಂದು ಸಾಲು, ಮನೆಯ ಅಡುಗೆಗೆ ಮದ್ದಿಲ್ಲದ ಬೇರೆ ಸಾಲು ಬೆಳೆಸುವವರನ್ನು ನಾವು ಕಂಡಿಲ್ಲವೇ? ಅದರ ಅರ್ಥ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ಕೊಳ್ಳುವವನಿಗೂ ಉಂಡು ಹೋಗುವವನಿಗೂ ಒಂದೇ ನಿಯಮ ಎಂದು ನನ್ನ ಅಮ್ಮ ಅಂಗಳದಲ್ಲಿ ನಿಂತು ಹೇಳಿದರು, ಊರು ನಕ್ಕರೂ ಹಿಂದೆ ಸರಿಯಲಿಲ್ಲ. ಘಟಿಕೋತ್ಸವದ ಕಪ್ಪು ಗೌನು ತೊಟ್ಟ ದಿನವೂ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ. ಇದನ್ನು ಬರೆಯುವುದು ಸ್ವಂತ ಹೊಗಳಿಕೆ ಎನಿಸಿದರೆ, ಎನಿಸಲಿ.

ಪ್ರಮಾಣಪತ್ರ ಇಡೀ ಗುಂಪಿಗೆ ಬಂತು. ಮೊದಲು ನಮ್ಮ ಗುಳ್ಳ ಆದಿ ಉಡುಪಿಯ ಮಾರುಕಟ್ಟೆಯಲ್ಲಿ ಯಾವ್ಯಾವುದೋ ಊರಿನ ಬದನೆಯೊಂದಿಗೆ ಬೆರೆತುಹೋಗುತ್ತಿತ್ತು. ಈಗ ಅಮ್ಮನ ಹೆಸರು ಅಚ್ಚಾದ ಚೀಟಿ ಅಂಟಿಸಿಕೊಂಡು ಮಣಿಪಾಲಕ್ಕೆ ಹೋಗುತ್ತದೆ. ಅಪ್ಪ ಮದ್ದಿನ ಕಪಾಟಿನ ಬೀಗ ತೆಗೆಯುವ ಮೊದಲು ಕ್ಯಾಲೆಂಡರ್ ನೋಡುತ್ತಾರೆ; ಅಂಗಡಿಗೆ ಹಳೆಯ ದಾರಿಯಲ್ಲೇ ಹೋಗುತ್ತಾರೆ.

ಮತ್ತು ಹೊರೆಕಾಣಿಕೆಯ ದಿನ ಗೊತ್ತುಮಾಡುವ ಮೊದಲು ಶೀನಣ್ಣ ನಮ್ಮ ಮನೆಗೆ ಫೋನ್ ಮಾಡಿ ಕೇಳುತ್ತಾರೆ: “ಅಕ್ಕ, ಬೇಲಿಯಲ್ಲಿ ಬಟ್ಟೆ ಉಂಟಾ?”