ಅಕ್ಕನ ಕೀಮೋ, ಅವ್ವನ ಕಷಾಯ

ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವಳನ್ನು ಹೊಸೂರು ಪಕ್ಕದ ಮತ್ತಿಗಿರಿಯ ನಮ್ಮ ಮನೆಗೇ ಕರೆತಂದೆ. ಹೊಸೂರಿನ ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿತ್ತು. ಅಂಚೆಟ್ಟಿ ಕಡೆಯ ನಮ್ಮೂರಿನಿಂದ ಅವ್ವ ಸಿಕ್ಕ ಬಸ್ಸು ಹಿಡಿದು ಬರುತ್ತಿದ್ದಳು, ಕಂಕುಳಲ್ಲಿ ಕಷಾಯದ ಫ್ಲಾಸ್ಕು. ಅಕ್ಕ ಮೂಗು ಹಿಡಿದು ಕುಡಿಯುತ್ತಿದ್ದಳು. ಯಾವ ಗಿಡದ್ದು ಎಂದು ಕೇಳುವಂತಿರಲಿಲ್ಲ. ನಮ್ಮಲ್ಲಿ ನಾಟಿ ಮದ್ದು ಕೊಡುವವರು ಅದರ ಹೆಸರು ಬಾಯಿಬಿಡಬಾರದು, ಬಿಟ್ಟರೆ ಗುಣ ಹೋಗುತ್ತದೆ ಎಂದು ನಂಬಿಕೆ.

ಒಂದು ಸಲ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ ಕೀಮೋ ಡ್ರಿಪ್ ಹಾಕಲು ಒಪ್ಪಲಿಲ್ಲ. ಲಿವರ್ ಕೆಟ್ಟಿದೆ, ಬೇರೇನಾದರೂ ಕುಡಿಯುತ್ತಿದ್ದೀರಾ ಎಂದರು. ನಾನೇ ಕಷಾಯದ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು, ನನಗಿನ್ನೂ ಹೆದರಿಕೆಯಾಯಿತು.

"ಗಿಡಮೂಲಿಕೆ ಸಾರ, ಕೀಮೋ ಎರಡೂ ಸೇರಿದ್ರೆ ಕ್ಯಾನ್ಸರ್ ಕಣ ಜಾಸ್ತಿ ಸಾಯ್ತವಾ ಅಂತ ಲ್ಯಾಬಲ್ಲಿ ನೋಡ್ತಾನೇ ಇದ್ದಾರೆ. ಅದು ಗಾಜಿನ ತಟ್ಟೇಲಿ. ತಟ್ಟೆಗೆ ಲಿವರ್ ಇರಲ್ಲಮ್ಮ. ಯಾವ ಗಿಡ ಅಂತ ನನಗೆ ಗೊತ್ತಾಗಬೇಕು."

ಅವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅಕ್ಕನನ್ನು ಅವಳ ಪಕ್ಕ ಕೂರಿಸಿ, ಆ ಗಿಡದ ಹೆಸರು ಹೇಳವ್ವ ಎಂದೆ.

"ಹೇಳಿದ್ರೆ ಮದ್ದು ಸತ್ತೋಯ್ತದೆ ಕಣೇ. ಆಮ್ಯಾಕೆ ಅವ್ಳಿಗೇನಾದ್ರೂ ಆದ್ರೆ?"

"ಹೇಳ್ದಿದ್ರೇ ಆಗೋದು! ಕೀಮೋ ನಿಲ್ಸವ್ರೆ, ಗೊತ್ತಾಯ್ತಾ? ಮತ್ತೆ ಶುರುವಾಗೋಗಂಟ ಆ ಗಡ್ಡೆ ಸುಮ್ಕೆ ಕುಂತಿರ್ತದಾ?"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ನೋಡಿಕೊಳ್ಳಲಿ. ಒಳಗಿದ್ದದ್ದು ಭಯ, ಬಾಯಿಗೆ ಮಾತ್ರ ಸಿಟ್ಟೇ ಬರುತ್ತಿತ್ತು. ಅಕ್ಕನ ಬೋಳುತಲೆಯಿಂದ ಸೆರಗು ಜಾರಿತ್ತು. ಅವ್ವ ಅದನ್ನು ಎಳೆದು ಸರಿಮಾಡಿದಳು. ಆಮೇಲೆ ತಾನೇ ಎದ್ದು ಡಾಕ್ಟರಮ್ಮನ ಕೋಣೆಗೆ ಹೋದಳು. ನಾನು ಹಿಂದೆಯೇ ಓಡಿದೆ.

ಮೇಜಿನ ಮುಂದೆ ನಿಂತು ಅವ್ವ ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದಳು.

"ಅಮೃತಬಳ್ಳಿ," ಎಂದಳು.

ಇದು ಕೆಲವರ ಲಿವರ್‌ಗೆ ಆಗಿಬರಲ್ಲ, ಇವತ್ತಿಂದಲೇ ನಿಲ್ಲಿಸಿ ಎಂದರು ಡಾಕ್ಟರಮ್ಮ. ಸರಿಹೋಗುತ್ತಾ, ಕೀಮೋ ಮತ್ತೆ ಯಾವಾಗ ಎಂದು ನಾನು ಕೇಳುತ್ತಲೇ ಇದ್ದೆ. ಮತ್ತೆ ರಕ್ತ ಪರೀಕ್ಷೆ ಮಾಡದೆ ಏನೂ ಹೇಳಲಾಗದು ಎಂದರು.

ಅವ್ವ ಅವರ ಎರಡೂ ಕೈ ಹಿಡಿದುಕೊಂಡಳು.

"ಹೆಸ್ರು ಹೇಳ್ಬುಟ್ಟೆ ತಾಯಿ. ಇನ್ನು ನನ್ ಕೈಲಿ ಮದ್ದಿಲ್ಲ. ನಿನ್ ಕೈಲಿರೋದೇ ಉಳ್ದಿರೋದು. ನನ್ ಮಗಳ್ನ ಉಳಿಸ್ಕೊಡು."