ಮೊದಲ ಅಧ್ಯಕ್ಷರು ಕೆಳಗೆ ಕೂತ ವರ್ಷ

ನಮ್ಮ ಕನ್ನಡ ಸಂಘ ಹುಟ್ಟಿದ್ದು 2021ರ ಅಕ್ಟೋಬರ್ 17, ಭಾನುವಾರ, ಆಶ್‌ಬರ್ನ್‌ನಲ್ಲಿ, ನಮ್ಮ ಟೌನ್‌ಹೌಸ್ ಸಾಲಿನ ಹಿಂದಿನ ಪಾರ್ಕ್‌ನಲ್ಲಿ. ಇಪ್ಪತ್ತಾರು ಮನೆಗಳವರು ಬಂದಿದ್ದರು. ಅರ್ಧ ಜನ ಮಾಸ್ಕ್ ಹಾಕಿದ್ದರು, ಉಳಿದವರು ಅದನ್ನು ಗದ್ದಕ್ಕೆ ಇಳಿಸಿಕೊಂಡು ಕಾಫಿ ಕುಡಿಯುತ್ತಿದ್ದರು. ಒಂದೂವರೆ ವರ್ಷ ಒಬ್ಬರನ್ನೊಬ್ಬರು ಪರದೆಯ ಚೌಕದೊಳಗೆ ಮಾತ್ರ ನೋಡಿದ್ದವರು ಅಂದು ಪೂರ್ತಿ ಎತ್ತರದಲ್ಲಿ ಎದುರಾಗಿ, "ಅಯ್ಯೋ, ನೀವು ಇಷ್ಟು ಉದ್ದ ಇದೀರ ಅಂತ ಗೊತ್ತೇ ಇರ್ಲಿಲ್ಲ" ಎಂದು ನಗುತ್ತಿದ್ದರು. ನಾನಾಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ದಿನಾಂಕ, ಬಂದವರೆಷ್ಟು, ತಿಂಡಿಯೇನು, ಈ ಮೂರನ್ನು ಡೈರಿಯಲ್ಲಿ ಬರೆದಿಡುವುದು ನನ್ನ ರೂಢಿ. ಅವತ್ತಿನ ತಿಂಡಿ ಉಪ್ಪಿಟ್ಟು.

ಅಧ್ಯಕ್ಷರಾಗಿ ಎಲ್ಲರೂ ಪಕ್ಕದ ಊರು ಸ್ಟರ್ಲಿಂಗ್‌ನ ಡಾಕ್ಟರ್ ಅಂಕಲ್ ಕಡೆಗೇ ಕೈ ತೋರಿಸಿದರು. ಬಾಗಲಕೋಟೆ ಕಡೆಯವರು, ಮಕ್ಕಳ ಡಾಕ್ಟರ್; ಆ ಪಾರ್ಕ್‌ನಲ್ಲಿ ಓಡಾಡುತ್ತಿದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ಅವರಿಂದ ಚುಚ್ಚಿಸಿಕೊಂಡವರೇ. ಮೈಸೂರಿನವಳಾದ ಅಮ್ಮ ಕಾರ್ಯದರ್ಶಿಯಾದಳು. ಕಾರ್ಯಕ್ರಮಗಳ ಹೊಣೆ ಬಿದ್ದದ್ದು ಬೆಂಗಳೂರಿನ ಒಬ್ಬರ ಮೇಲೆ. ಹಗಲು ಡೇಟಾ ಸೆಂಟರ್‌ನಲ್ಲಿ ಕೆಲಸ, ಸಂಜೆ ಸಿಕ್ಕಿದ ಮೈಕ್‌ನಲ್ಲೆಲ್ಲ ಹಾಡು. ನಾವು ಮಕ್ಕಳು ಅವರನ್ನು ಮೈಕ್ ಅಂಕಲ್ ಎನ್ನುತ್ತಿದ್ದೆವು.

ಅದೇ ವಾರ ಶಾಲೆಯ ಗವರ್ನಮೆಂಟ್ ಎಂಬ ಪೌರನೀತಿ ಕ್ಲಾಸಿನಲ್ಲಿ ನಾವು ಈ ದೇಶದ ಮೊದಲ ಅಧ್ಯಕ್ಷರ ಪಾಠದಲ್ಲಿದ್ದೆವು. ಸಂವಿಧಾನದಲ್ಲಿ ಅಧ್ಯಕ್ಷರ ಬಗ್ಗೆ ಇರುವುದು ಬಹಳ ಕಡಿಮೆ, ಉಳಿದದ್ದನ್ನೆಲ್ಲ ಆ ಕುರ್ಚಿಯಲ್ಲಿ ಮೊದಲು ಕೂತವರು ಮಾಡಿ ತೋರಿಸಬೇಕಾಯಿತು ಎಂದು ಟೀಚರ್ ಹೇಳಿದ್ದರು. ಮನೆಗೆ ಬಂದರೆ ಅಮ್ಮ ಊಟದ ಟೇಬಲ್ ಮೇಲೆ ಸಂಘದ ನಿಯಮಗಳನ್ನು ಟೈಪ್ ಮಾಡುತ್ತಿದ್ದಳು. ಅಧ್ಯಕ್ಷರ ಬಗ್ಗೆ ಅವಳು ಬರೆದದ್ದು ಒಂದೇ ಸಾಲು: ಅಧ್ಯಕ್ಷರು ಸಂಘದ ಕೆಲಸಗಳನ್ನು ನಡೆಸಿಕೊಡತಕ್ಕದ್ದು.

"ಅಷ್ಟೇನಾ?" ಎಂದೆ.

"ಇನ್ನೇನು ಬರೀಲಿ? ಡಾಕ್ಟರ್ ಇದಾರಲ್ಲ, ಮಾಡ್ತಾರೆ ಬಿಡು" ಎಂದಳು.

ಅವರು ಮಾಡಿದರು. ಮೊದಲ ದೀಪಾವಳಿಯ ಆಹ್ವಾನಪತ್ರಿಕೆಯಲ್ಲಿ ಮೈಕ್ ಅಂಕಲ್ ಅಧ್ಯಕ್ಷರ ಹೆಸರಿನ ಹಿಂದೆ ಸನ್ಮಾನ್ಯ, ವೈದ್ಯಶಿರೋಮಣಿ, ಕನ್ನಡ ಕಣ್ಮಣಿ ಎಂದು ಮೂರು ಬಿರುದು ಸೇರಿಸಿದ್ದರು. ಡಾಕ್ಟರ್ ಅಂಕಲ್ ನಮ್ಮ ಟೇಬಲ್ ಎದುರು ಕೂತು ಅದನ್ನು ಓದಿ, ಕನ್ನಡಕ ತೆಗೆದು, "ಇದನ್ನೆಲ್ಲಾ ಓದಿ ಮುಗಸೂದ್ರಾಗ ಉಪ್ಪಿಟ್ಟು ಆರತೈತ್ರಿ. ಬರೇ ಡಾಕ್ಟರ್ ಅಂತ ಹಾಕ್ರಿ, ಸಾಕು" ಎಂದರು. ಈ ದೇಶದಲ್ಲೂ ಮೊದಲ ಅಧ್ಯಕ್ಷರನ್ನು ಏನೆಂದು ಕರೆಯಬೇಕೆಂದು ವಾರಗಟ್ಟಲೆ ವಾದ ನಡೆದಿತ್ತು. ರಾಜರಿಗೆ ಒಪ್ಪುವಂಥ ಉದ್ದನೆಯ ಬಿರುದುಗಳು ಬಂದು, ಕೊನೆಗೆ ಬರೀ ಮಿಸ್ಟರ್ ಪ್ರೆಸಿಡೆಂಟ್ ಉಳಿಯಿತು. ಅದನ್ನು ನಾನು ಹೇಳಿದಾಗ ಅವರು ಜೋರಾಗಿ ನಕ್ಕು, "ನೋಡ್ರಿ, ಅವತ್ತೂ ಒಬ್ಬ ಮೈಕ್ ಅಂಕಲ್ ಇದ್ದಾ ಅಂತಾತು" ಎಂದರು. ಮಕ್ಕಳು ತಮಗಿಟ್ಟ ಹೆಸರು ಡಾಕ್ಟರಿಗೂ ಗೊತ್ತಿದೆ ಎಂದು ಅಲ್ಲೇ ಕೂತಿದ್ದ ಮೈಕ್ ಅಂಕಲ್‌ಗೆ ತಿಳಿದದ್ದು ಆಗಲೇ.

ಆ ಎರಡು ವರ್ಷದ ಸಮಿತಿ ಸಭೆಗಳೆಲ್ಲ ನಮ್ಮ ಊಟದ ಟೇಬಲ್ ಸುತ್ತಲೇ ನಡೆದವು. ಕಾಫಿ ಕೊಡುವ ನೆಪದಲ್ಲಿ ನಾನು ಅಡುಗೆಮನೆಯ ಸ್ಟೂಲ್ ಮೇಲೆ ಕೂತು ಕೇಳುತ್ತಿದ್ದೆ. ಅಮ್ಮನಿಗೂ ಮೈಕ್ ಅಂಕಲ್‌ಗೂ ಯಾವುದರಲ್ಲೂ ಹೊಂದಾಣಿಕೆ ಇರಲಿಲ್ಲ. ಅವರಿಗೆ ದೊಡ್ಡ ಹಾಲ್ ಬೇಕು, ಬೆಳಕು ಬೇಕು, ಬೆಂಗಳೂರಿಂದ ಗಾಯಕರು ಬರಬೇಕು. ಅಮ್ಮನಿಗೆ ಭಾನುವಾರದ ಕನ್ನಡ ತರಗತಿ ಬೇಕು. "ಇವರಿಬ್ಬರನ್ನೂ ಯಾಕೆ ಒಂದೇ ಕಮಿಟೀಲಿ ಇಟ್ಕೊಂಡಿದ್ದಾರೋ" ಎಂದು ಅಪ್ಪ ಗೊಣಗುತ್ತಿದ್ದರು. ಡಾಕ್ಟರ್ ಅಂಕಲ್ ಬೇಕೆಂದೇ ಇಟ್ಟುಕೊಂಡಿದ್ದರು. ಮೊದಲು ಒಬ್ಬರ ಮಾತು, ಆಮೇಲೆ ಇನ್ನೊಬ್ಬರ ಮಾತು, ಎಲ್ಲರದೂ ಮುಗಿದ ಮೇಲೆ ತಮ್ಮದು. ಈ ದೇಶದ ಮೊದಲ ಅಧ್ಯಕ್ಷರೂ ಒಬ್ಬರಿಗೊಬ್ಬರು ಆಗದ ಇಬ್ಬರು ಬುದ್ಧಿವಂತರನ್ನು ಮಂತ್ರಿಗಳನ್ನಾಗಿ ಇಟ್ಟುಕೊಂಡು ಇಬ್ಬರನ್ನೂ ಕೇಳುತ್ತಿದ್ದರು. ಕ್ಯಾಬಿನೆಟ್ ಎಂಬ ಮಾತು ಸಂವಿಧಾನದಲ್ಲಿ ಇಲ್ಲವೇ ಇಲ್ಲ. ಅವರು ಕರೆದು ಕೂಡಿಸಿಕೊಂಡರು, ಅದು ಹಾಗೆಯೇ ಉಳಿಯಿತು.

ಈಗ ಕೆಲಸಕ್ಕಾಗಿ ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿದ್ದೇನೆ. ಇಲ್ಲಿ ನನ್ನ ಟೇಬಲ್ ಸುತ್ತ ಎರಡೇ ಕುರ್ಚಿ, ಅದರಲ್ಲೊಂದರ ಮೇಲೆ ಯಾವಾಗಲೂ ಮಡಚದ ಬಟ್ಟೆ. ಆ ದಿನಗಳಲ್ಲಿ ಒಂಬತ್ತು ಜನ ಕೂತು, ಚಕ್ಕುಲಿ ಮುರಿಯುವ ಸದ್ದಿನಲ್ಲಿ ಯಾರ ಮಾತೂ ಕೇಳದೆ, "ಆರ್ಡರ್, ಆರ್ಡರ್" ಎಂದು ಅಪ್ಪ ಚಮಚದಿಂದ ಲೋಟ ಕುಟ್ಟುತ್ತಿದ್ದದ್ದು ನೆನಪಾದರೆ ಈ ಮನೆ ತೀರಾ ಅಚ್ಚುಕಟ್ಟಾಗಿದೆ ಅನಿಸುತ್ತದೆ.

2022ರ ಜೂನ್‌ನಲ್ಲಿ ಸಮಿತಿಯವರೆಲ್ಲ ಪೊಟೊಮ್ಯಾಕ್ ನದಿಯ ದಂಡೆಯಲ್ಲಿರುವ, ಈ ದೇಶದ ಮೊದಲ ಅಧ್ಯಕ್ಷರ ಮನೆ ನೋಡಲು ಹೋದೆವು. ಮೂರು ಕಾರು, ಒಂದು ಡಬರಿ ಪುಳಿಯೋಗರೆ. ಹುಲ್ಲಿನ ಇಳಿಜಾರಿನಲ್ಲಿ ಕೂತು ತಿಂದೆವು; ಎದುರಿಗೆ ನದಿ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಎರಡು ಅವಧಿ ಮುಗಿಸಿ, ಇನ್ನೂ ಇರಿ ಎಂದರೂ ಇರದೆ ಅವರು ಇಲ್ಲಿಗೇ ವಾಪಸ್ಸು ಬಂದರು ಎಂದು ನಾನು ಹೇಳಿದೆ. ಆ ಪದ್ಧತಿಯನ್ನು ನೂರೈವತ್ತು ವರ್ಷದ ಹತ್ತಿರ ಯಾರೂ ಮುರಿಯಲಿಲ್ಲ, ಒಬ್ಬರು ಮುರಿದ ಮೇಲೆ ಅದು ಕಾನೂನೇ ಆಯಿತು.

"ಇಂಥಾ ಮನಿ ಇದ್ರ ನಾನೂ ವಾಪಸ್ ಬರತಿದ್ದೆ" ಎಂದರು ಡಾಕ್ಟರ್ ಅಂಕಲ್.

ಆಮೇಲೆ ಅಲ್ಲಿ ದುಡಿದ ಗುಲಾಮರ ಕೋಣೆಗಳ ಹತ್ತಿರ ಹೋದೆವು. ಗೋಡೆಗೆ ಹತ್ತಿಸಿದ ಹಲಗೆಯ ಮಂಚಗಳು. ನೂರಾರು ಜನ ಆ ಮನೆಯ ಹೊಲಗಳಲ್ಲಿ ದುಡಿದಿದ್ದರು. ತಮ್ಮ ಒಡೆತನದಲ್ಲಿದ್ದವರ ಬಿಡುಗಡೆಯನ್ನು ಆ ಅಧ್ಯಕ್ಷರು ಬರೆದದ್ದು ಉಯಿಲಿನಲ್ಲಿ ಮಾತ್ರ. ಡಾಕ್ಟರ್ ಅಂಕಲ್ ಬಾಗಿಲಲ್ಲೇ ಬಹಳ ಹೊತ್ತು ನಿಂತರು. "ಕುರ್ಚಿ ಬಿಟ್ಟಾ, ಇದನ್ನ ಬಿಡಲಿಲ್ಲ. ಮಾಡಿದ್ದಷ್ಟ ಅಲ್ಲ ಅವ್ವಾ, ಮಾಡದ ಬಿಟ್ಟಿದ್ದೂ ಪದ್ಧತಿ ಆಗತೈತಿ" ಎಂದು ನನಗೆ ಹೇಳಿದರು. ವಾಪಸ್ಸು ಬರುವಾಗ ಕಾರಿನಲ್ಲಿ ಯಾರೂ ಹಾಡು ಹಾಕಲಿಲ್ಲ.

ಎರಡು ವರ್ಷ ಮುಗಿಯುತ್ತಲೇ, 2023ರ ದೀಪಾವಳಿಯಂದು, ಅವರು ಇನ್ನು ಸಾಕು ಎಂದರು. ಎಲ್ಲರೂ ಬೇಡಿಕೊಂಡರು, ಕೇಳಲಿಲ್ಲ. ಮುಂದಿನ ಅಧ್ಯಕ್ಷೆಯಾಗಿ ಅಮ್ಮ ಆಯ್ಕೆಯಾದಳು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಆದರೆ ಡಿಸೆಂಬರ್ ಸಭೆಯಲ್ಲಿ ಮೈಕ್ ಅಂಕಲ್ ಎದ್ದು ನಿಂತು, "ಡಾಕ್ಟರ್ ಸಾರ್‌ನ ನಾವು ಹಂಗೇ ಬಿಡೋಕಾಗಲ್ಲ. ಆಜೀವ ಗೌರವಾಧ್ಯಕ್ಷರು ಅಂತ ಮಾಡೋಣ. ಸ್ಟೇಜ್ ಮೇಲೆ ಯಾವಾಗ್ಲೂ ಒಂದು ಕುರ್ಚಿ, ಪ್ರತಿ ಡಿಸಿಷನ್‌ಗೂ ಅವರದೊಂದು ಆಶೀರ್ವಾದ" ಎಂದರು. ಡಾಕ್ಟರ್ ಅಂಕಲ್ ಕೈ ಅಡ್ಡ ಆಡಿಸಿ, "ಬ್ಯಾಡ್ರಿ, ಖರೇನ ಬ್ಯಾಡ" ಎಂದರು. ಆದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಎಂದವರಿಗೇ ಇನ್ನೊಂದು ಹೋಳಿಗೆ ಬಡಿಸುವ ಜನ ನಾವು. ಅದು ಸಂಕೋಚ ಎಂದುಕೊಂಡು ಎಲ್ಲರೂ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ಅಮ್ಮನೂ ತಟ್ಟಿದಳು.

ತಟ್ಟಿದ್ದು ಯಾವುದಕ್ಕೆ ಎಂದು ಅವಳಿಗೆ ತಿಳಿದದ್ದು ಯುಗಾದಿ ಹತ್ತಿರ ಬಂದಾಗ. ಹೋಟೆಲ್ ಹಾಲ್ ಬೇಡ, ಈ ಸಲ ಶಾಲೆಯ ಕ್ಯಾಫೆಟೀರಿಯಾದಲ್ಲಿ ಮಾಡೋಣ, ಪ್ರತಿ ಮನೆಯವರೂ ತಮ್ಮ ಊರಿನ ಅಡುಗೆ ಮಾಡಿ ತರಲಿ ಎಂದು ಅವಳು ಹೇಳಿದಳು. ಹೋಟೆಲಿನವರು ಹೊರಗಿನ ಊಟ ಬಿಡುವುದಿಲ್ಲ. ಹೀಗಾಗಿ ಎರಡು ವರ್ಷದಿಂದ ಯುಗಾದಿಗೆ ನಾವು ತಿಂದದ್ದು ಪನೀರ್. ಮೈಕ್ ಅಂಕಲ್‌ಗೆ ಕ್ಯಾಫೆಟೀರಿಯಾ ಎಂದರೆ ಸಿಟ್ಟು, ಅಲ್ಲಿ ದನಿ ಗುಂಯ್ ಎನ್ನುತ್ತದೆ. ಅವರು ಅಮ್ಮನಿಗೆ ಫೋನ್ ಮಾಡಲಿಲ್ಲ, ಡಾಕ್ಟರ್ ಅಂಕಲ್‌ಗೆ ಮಾಡಿದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಗುಂಪಿನ ವಾಟ್ಸಾಪ್‌ನಲ್ಲಿ ಅಮ್ಮ ಏನು ಹಾಕಿದರೂ ಕೆಳಗೆ ಒಂದೇ ಪ್ರಶ್ನೆ: ಡಾಕ್ಟರ್ ಏನಂತಾರೆ? ಒಂದು ವಾರದಲ್ಲಿ ಹನ್ನೊಂದು ಸಲ. ನಾನು ಎಣಿಸಿದ್ದೆ, ಅವಳಿಗೆ ಹೇಳಲಿಲ್ಲ.

"ಹೀಗಾದ್ರೆ ನಾನ್ಯಾಕಿರ್ಬೇಕು? ಅವರ ಚೇರ್ ಕಾಯೋಕಾ?" ಎಂದಳು ಅಪ್ಪನ ಹತ್ತಿರ. ರಾಜೀನಾಮೆ ಕೊಡುವ ಮಾತೂ ಬಂತು. ಕೊನೆಗೆ ಡಾಕ್ಟರ್ ಅಂಕಲ್‌ಗೇ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

"ಡಾಕ್ಟ್ರೇ, ನೀವೊಂದು ಮಾತು ಹೇಳ್ಬಿಡಿ. ಅಧ್ಯಕ್ಷರು ಹೇಳಿದ ಹಾಗೆ ಮಾಡಿ ಅಂತ ಗ್ರೂಪಲ್ಲಿ ಒಂದು ಲೈನ್ ಹಾಕಿ, ಸಾಕು."

"ಹಾಕಂಗಿಲ್ರಿ."

"ಯಾಕೆ?"

"ನಾ ಹೇಳಿದ ಮ್ಯಾಲೆ ಕೇಳಿದ್ರಂದ್ರ, ಅವರು ನಿಮ್ಮ ಮಾತು ಕೇಳಿದಂಗಾತೇನ್ರಿ? ನನ್ನ ಮಾತ ಕೇಳಿದಂಗಾತು. ಮೀಟಿಂಗ್ ಕರೀರಿ, ಕೈ ಎತ್ತಿಸ್ರಿ."

"ಸೋತ್ರೆ?"

"ಸೋತ್ರ ಸೋತ್ರಿ. ಅದಕ್ಕೇನ್ ಜ್ವರ ಬರತೈತೇನು?"

ಅಮ್ಮ ಫೋನ್ ಇಟ್ಟು, "ಇವರೂ ಕೈಬಿಟ್ರು" ಎಂದಳು. ಆ ವಾರ ಅವಳು ಸಾರಿಗೆ ಎರಡು ಸಲ ಉಪ್ಪು ಮರೆತಳು.

ಸಭೆ 2024ರ ಮಾರ್ಚ್ 2ರ ಶನಿವಾರ, ನಮ್ಮ ಬಡಾವಣೆಯ ಕ್ಲಬ್‌ಹೌಸ್‌ನಲ್ಲಿ ನಡೆಯಿತು. ಮೈಕ್ ಅಂಕಲ್ ಮುಂದೆ, ಅಮ್ಮನ ಪಕ್ಕದಲ್ಲೇ, ಗೌರವಾಧ್ಯಕ್ಷರ ಕುರ್ಚಿ ಹಾಕಿಸಿದ್ದರು. ಡಾಕ್ಟರ್ ಅಂಕಲ್ ಬಂದವರೇ ಅದನ್ನು ನೋಡಿ, ಅದರ ಮೇಲೆ ತಮ್ಮ ಜಾಕೆಟ್ ಇಟ್ಟು, ಹಿಂದಿನ ಸಾಲಿನಲ್ಲಿ ಪುಟ್ಟ ಮಕ್ಕಳ ತಾಯಂದಿರ ನಡುವೆ ಕೂತರು. ಅಮ್ಮ ಮಾತಾಡಿದಳು. ಮೈಕ್ ಅಂಕಲ್ ಮಾತಾಡಿದರು, ಮೈಕ್ ಇಲ್ಲದೆಯೂ ಚೆನ್ನಾಗಿಯೇ ಮಾತಾಡಿದರು. ಆಮೇಲೆ ಅಮ್ಮ, "ಕ್ಯಾಫೆಟೀರಿಯಾ ಸರಿ ಅನ್ನೋರು ಕೈ ಎತ್ತಿ" ಎಂದಳು.

ಯಾರೂ ಎತ್ತಲಿಲ್ಲ. ಎಲ್ಲರ ತಲೆಗಳೂ ಹಿಂದಕ್ಕೆ ತಿರುಗಿದವು. ಡಾಕ್ಟರ್ ಅಂಕಲ್ ಪಕ್ಕದ ಮಗುವಿನ ಬಿಚ್ಚಿದ ಶೂ ಲೇಸ್ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ. ಒಂದು ಲೇಸ್ ಕಟ್ಟಿ, ಸರಿಯಿದ್ದ ಇನ್ನೊಂದನ್ನೂ ಬಿಚ್ಚಿ ಕಟ್ಟತೊಡಗಿದರು. ಅಷ್ಟರಲ್ಲಿ ಎಡಗಡೆಯಿಂದ ಒಂದು ಕೈ ಮೇಲೆ ಬಂತು, ಕಿಟಕಿ ಬಳಿ ಎರಡು, ಆಮೇಲೆ ಹಲವು. ಹದಿನೆಂಟು. ಹೋಟೆಲ್ ಹಾಲ್‌ಗೆ ಹದಿಮೂರು. ಅಮ್ಮ ಎರಡೆರಡು ಸಲ ಎಣಿಸಿ ಬರೆದುಕೊಂಡಳು.

"ಅಧ್ಯಕ್ಷರ," ಎಂದು ಹಿಂದಿನಿಂದ ದನಿ ಬಂತು. "ಹದಿನಾಲ್ಕು ಬರಕೋರಿ. ನಂದೂ ಹೋಟೆಲಿಗೆ."

ಅಮ್ಮನ ಮುಖ ಕೆಂಪಾಯಿತು.

"ಎಲ್ಲರೂ ಅಡಿಗಿ ಮಾಡ್ಕೊಂಡ್ ಬರ್ರಿ ಅಂದ್ರ ಮಾಡೋರು ಯಾರ್ರಿ? ಹೆಣ್ಮಕ್ಕಳು. ಹಬ್ಬದ ದಿನಾನೂ ಅವರು ಒಲಿ ಮುಂದ. ಅದಕ್ಕ ನನಗ ಸರಿ ಅನಸಲಿಲ್ಲ. ಆದ್ರ ಸೋತೆ. ಈಗ ಹೇಳ್ರಿ, ನಾ ಏನ್ ಮಾಡ್ಕೊಂಡ್ ಬರ್ಲಿ?"

ಅಮ್ಮ ಪೆನ್ ಕೆಳಗಿಟ್ಟಳು. ಅವಳು ಯೋಚಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. "ನೀವು ಹೇಳಿದ್ದರಲ್ಲಿ ಪಾಯಿಂಟ್ ಇದೆ" ಎಂದಳು. "ಹಾಗಾದ್ರೆ ಒಂದು ರೂಲ್. ಯಾವ ಮನೆಯಿಂದ ಏನೇ ಬಂದ್ರೂ, ಅದನ್ನ ಆ ಮನೆಯ ಗಂಡಸರೇ ಮಾಡ್ಬೇಕು. ನೀವು ನಿಮ್ಮ ಕಡೆಯ ಸಿಹಿ, ಮಾದಲಿ ತನ್ನಿ, ಡಾಕ್ಟ್ರೇ. ನಿಮ್ಮನೆಯವರು ಕೈ ಹಚ್ಚಂಗಿಲ್ಲ."

ನಗು ಎದ್ದಿತು, ಚಪ್ಪಾಳೆ ಹೆಂಗಸರ ಕಡೆಯಿಂದ ಬಂತು. "ಏಯ್, ಇದು ಕೈ ಎತ್ತಿಸ್ದೇ ಪಾಸ್ ಮಾಡಂಗಿಲ್ಲ!" ಎಂದು ಅಪ್ಪ ಕೂಗಿದರು. ಎತ್ತಿಸಿದಳು. ಪಾಸಾಯಿತು.

ಕಾರಿನಲ್ಲಿ ಅಮ್ಮ ಗೆದ್ದವಳ ಹಾಗೆ ಇರಲಿಲ್ಲ. "ಎಲ್ಲರ ಮುಂದೆ ನನ್ನ ವಿರುದ್ಧ ಕೈ ಎತ್ತಿದ್ರಲ್ಲ" ಎಂದು ಎರಡು ಸಿಗ್ನಲ್‌ವರೆಗೆ ಹೇಳಿದಳು. ಮೂರನೆಯದರಲ್ಲಿ ಕೆಂಪು ದೀಪಕ್ಕೆ ನಿಂತಾಗ ತಾನಾಗಿಯೇ ನಕ್ಕುಬಿಟ್ಟಳು. "ಅವರು ಸೋತು ಕೂತಿದ್ದು ನೋಡಿದ್ಯಾ? ಎಷ್ಟು ಆರಾಮಾಗಿ ಕೂತಿದ್ರು."

ಗೌರವಾಧ್ಯಕ್ಷರ ಹುದ್ದೆಯನ್ನು ಯಾರೂ ತೆಗೆಯಲಿಲ್ಲ, ಅದು ನಿಯಮಗಳಲ್ಲಿ ಇನ್ನೂ ಇದೆ. ಆ ಕುರ್ಚಿಯನ್ನು ಮಾತ್ರ ಆಮೇಲೆ ಯಾರೂ ಹಾಕಲಿಲ್ಲ.

ಯುಗಾದಿ ಕಾರ್ಯಕ್ರಮದ ಹಿಂದಿನ ದಿನ, ಏಪ್ರಿಲ್ 12ರ ಸಂಜೆ, ಅಮ್ಮನ ಫೋನ್ ರಿಂಗಾಯಿತು. ನಾನು ಪಕ್ಕದಲ್ಲೇ ಮಾವಿನೆಲೆ ಒರೆಸುತ್ತಿದ್ದೆ. ಅಪ್ಪ ಒಲೆಯ ಮುಂದೆ ಬಿಸಿಬೇಳೆ ಬಾತಿನೊಡನೆ ಸೆಣಸುತ್ತಿದ್ದರು. ಫೋನಿನಲ್ಲಿ ಮೈಕ್ ಅಂಕಲ್.

"ಮೇಡಂ, ನನಗೆ ಕೋಸಂಬರಿ ಬಿಟ್ರೆ ಏನೂ ಬರಲ್ಲ. ಅದನ್ನೇ ತರ್ಲಾ?"

ಅಮ್ಮ, "ಡಾಕ್ಟರ್‌ನ ಕೇಳಿದ್ರಾ?" ಎಂದಳು.

"ಅವ್ರನ್ಯಾಕೆ ಕೇಳ್ಲಿ? ಅಧ್ಯಕ್ಷರು ನೀವಲ್ವಾ?"

"ಕೋಸಂಬರಿ ಆಗಲ್ಲ" ಎಂದಳು ಅಮ್ಮ. "ಅದಕ್ಕೆ ಒಲೆ ಹಚ್ಚೋ ಕೆಲಸಾನೇ ಇಲ್ಲ. ಚಿತ್ರಾನ್ನ ಮಾಡಿ. ಅರವತ್ತು ಜನಕ್ಕೆ."